ಎರಡು ಟ್ರಾನ್ಸಿಸ್ಟರಿನ ಫಜ್ ಪೆಡಲ್ ಕಿಟ್: ಬಿಡಿಭಾಗಗಳನ್ನು ಬದಲಿಸಿ ನೋಡಿದ ಐದು ತಿಂಗಳು

ಕಳೆದ ಡಿಸೆಂಬರಿನಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿಕೊಂಡ, ಗಿಟಾರಿನ ದನಿಯನ್ನು ಒಡೆದು ಒರಟಾಗಿಸುವ ಫಜ್ ಪೆಡಲಿನ ಕಿಟ್ಟನ್ನು ನಾನೇ ಬೆಸುಗೆ ಹಾಕಿ ಜೋಡಿಸಿ, ಐದು ತಿಂಗಳು ನುಡಿಸಿ, ಅದರ ಬಿಡಿಭಾಗಗಳನ್ನು ಒಂದೊಂದಾಗಿ ಕಿತ್ತು ಬೇರೆಯವನ್ನು ಹಾಕಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಕಿಟ್ಟಿನ ಬೆಲೆ 1,850 ರೂಪಾಯಿ. ಅದರಲ್ಲಿ ತೂತು ಕೊರೆದ ಅಲ್ಯೂಮಿನಿಯಂ ಡಬ್ಬಿ, ಪಿಸಿಬಿ (ಭಾಗಗಳನ್ನು ಬೆಸೆಯುವ ಫಲಕ), ಎರಡು ಬಿಸಿ547ಸಿ ಟ್ರಾನ್ಸಿಸ್ಟರು, ರೆಸಿಸ್ಟರು ಮತ್ತು ಕೆಪಾಸಿಟರುಗಳು, ಎರಡು ಪಾಟ್ (ನಾಬಿನಿಂದ ತಿರುಗಿಸುವ ರೆಸಿಸ್ಟರು), ಕಾಲಿನಿಂದ ಒತ್ತುವ ಸ್ವಿಚ್ಚು, ಜ್ಯಾಕುಗಳು ಮತ್ತು ಒಂದು ಹಾಳೆಯ ಸೂಚನೆ ಇದ್ದವು. ಗಿಟಾರ್ ನುಡಿಸುವ, ಸೋಲ್ಡರಿಂಗ್ ಐರನ್ ಹಿಡಿದು ಸ್ವಲ್ಪವಾದರೂ ಅಭ್ಯಾಸವಿರುವ ಕನ್ನಡಿಗರು ಇಂಥ ಕಿಟ್ಟನ್ನು ಕೊಳ್ಳಬಹುದೇ, ಕೊಂಡರೆ ಯಾವ ಬದಲಾವಣೆಗೆ ಹಣ ಮತ್ತು ಸಮಯ ವ್ಯಯಿಸಬೇಕು, ಯಾವುದನ್ನು ಕೈಬಿಡಬೇಕು ಎಂಬುದನ್ನು ನನ್ನ ಕಿವಿ ಮತ್ತು ಮಲ್ಟಿಮೀಟರು ತೋರಿಸಿಕೊಟ್ಟಂತೆ ಹೇಳುತ್ತೇನೆ.

ಈ ಕಿಟ್ಟು ಫಜ್ ಫೇಸ್ ಎಂಬ ಪೆಡಲಿನ ಸರ್ಕಿಟ್ಟನ್ನು ಅನುಸರಿಸಿದೆ. ಲಂಡನ್ನಿನ ಆರ್ಬಿಟರ್ ಕಂಪನಿ 1966ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಮೈಕ್ ಸ್ಟ್ಯಾಂಡಿನ ತಳದಂತಿದ್ದ ಅದರ ದುಂಡನೆಯ ಡಬ್ಬಿಯನ್ನು ಜಿಮಿ ಹೆಂಡ್ರಿಕ್ಸ್ ಅವರ ಕಾಲ ಬಳಿ ನೋಡಿದವರು ಮರೆಯುವಂತಿಲ್ಲ. ಮೊದಲ ಪೆಡಲುಗಳಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳಿದ್ದವು, ಆಮೇಲೆ ಬಿಸಿ183, ಬಿಸಿ108 ಮುಂತಾದ ಸಿಲಿಕಾನ್ ಟ್ರಾನ್ಸಿಸ್ಟರುಗಳು ಬಂದವು. ಅದರಲ್ಲಿ ಧ್ವನಿಯನ್ನು ರೂಪಿಸುವ ಭಾಗಗಳೆಂದರೆ ಎರಡು ಟ್ರಾನ್ಸಿಸ್ಟರು, ನಾಲ್ಕು ರೆಸಿಸ್ಟರು, ಮೂರು ಕೆಪಾಸಿಟರು ಮತ್ತು ಎರಡು ಪಾಟ್, ಅಷ್ಟೇ. ಭಾಗಗಳು ಇಷ್ಟು ಕಡಿಮೆ ಇರುವುದರಿಂದ ಒಂದನ್ನು ಮುಟ್ಟಿದರೆ ಉಳಿದವೆಲ್ಲ ಅಲುಗುತ್ತವೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರ್ಕಿಟ್ಟು ಸಿಗುವುದು ಕಷ್ಟ.

ಜೋಡಣೆಯ ಬಗ್ಗೆ ಒಂದು ದೂರು ಇದೆ. ಮೊದಲನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ (ಟ್ರಾನ್ಸಿಸ್ಟರಿನ ಮೂರು ಕಾಲುಗಳೆಂದರೆ ಬೇಸ್, ಕಲೆಕ್ಟರ್, ಎಮಿಟರ್) 33 ಕಿಲೋ ಓಮ್ ರೆಸಿಸ್ಟರು ಬರಬೇಕಾದಲ್ಲಿ ನನ್ನ ಕಿಟ್ಟಿನಲ್ಲಿ 3.3 ಕಿಲೋ ಓಮ್ ಬಂದಿತ್ತು. ಐದು ಪಟ್ಟಿಯ ಮೆಟಲ್ ಫಿಲ್ಮ್ ರೆಸಿಸ್ಟರಿನಲ್ಲಿ ಈ ಎರಡಕ್ಕೂ ಮೊದಲ ಮೂರು ಬಣ್ಣ ಒಂದೇ: ಕಿತ್ತಳೆ, ಕಿತ್ತಳೆ, ಕಪ್ಪು. ನಾಲ್ಕನೆಯ ಪಟ್ಟಿ 33 ಕಿಲೋಗೆ ಕೆಂಪು, 3.3 ಕಿಲೋಗೆ ಕಂದು. ನೀಲಿ ಮೈಯ ಮೇಲೆ, ಮನೆಯ ಹಳದಿ ಬಲ್ಬಿನ ಬೆಳಕಿನಲ್ಲಿ ನಾನು ಕಂದು ಬಣ್ಣವನ್ನು ಕೆಂಪೆಂದೇ ಓದಿ ಬೆಸುಗೆ ಹಾಕಿದ್ದೆ. ಪೆಡಲ್ ಒತ್ತಿದಾಗ ಕ್ಷೀಣವಾದ, ಗಂಟಲು ಹಿಸುಕಿದಂಥ ದನಿ ಬಂತು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಅಳೆದಾಗ 1 ವೋಲ್ಟಿನ ಆಸುಪಾಸು ಇತ್ತು, ಅಲ್ಲಿಂದ ಹಿಂದಕ್ಕೆ ಹುಡುಕಿಕೊಂಡು ಹೋಗಿ ತಪ್ಪನ್ನು ಹಿಡಿಯಲು ಒಂದು ಸಂಜೆ ಬೇಕಾಯಿತು. ತಪ್ಪು ಭಾಗ ಬಂದದ್ದನ್ನು ಕ್ಷಮಿಸಬಹುದು, ಆದರೆ ಯಾವ ಜಾಗದಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ನಾಲ್ಕು ಸಾಲಿನ ಪಟ್ಟಿಯನ್ನೂ ಸೂಚನಾ ಹಾಳೆಯಲ್ಲಿ ಕೊಡದಿರುವುದು ದೊಡ್ಡ ಕೊರತೆ. ಮೊದಲ ಸಲ ಜೋಡಿಸುವವರು ಈ ಹಂತದಲ್ಲೇ ಕೈಚೆಲ್ಲಿ ಕೂರುತ್ತಾರೆ. ಆದ್ದರಿಂದ ಬೆಸುಗೆಗೆ ಮುನ್ನ ಪ್ರತಿಯೊಂದು ರೆಸಿಸ್ಟರನ್ನೂ ಮೀಟರಿನಲ್ಲಿ ಅಳೆದು, ಓಮಿನ ಮೌಲ್ಯ ಬರೆದ ಕಾಗದಕ್ಕೆ ಸಿಕ್ಕಿಸಿಟ್ಟುಕೊಳ್ಳಿ.

ಇನ್ನೊಂದು ಕೊರತೆಯನ್ನು ಸುಲಭವಾಗಿ ಸರಿಪಡಿಸಿಕೊಳ್ಳಬಹುದು. ಟ್ರಾನ್ಸಿಸ್ಟರುಗಳನ್ನು ನೇರವಾಗಿ ಪಿಸಿಬಿಗೆ ಬೆಸೆಯಬೇಕೆಂದು ಹಾಳೆ ಹೇಳುತ್ತದೆ, ದಯವಿಟ್ಟು ಹಾಗೆ ಮಾಡಬೇಡಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೂ ಐಸಿ ಬೇಸ್ ಅಥವಾ ದುಂಡು ರಂಧ್ರದ ಬರ್ಗ್ ಸ್ಟ್ರಿಪ್ ಸಿಗುತ್ತದೆ. ಅದರಿಂದ ಮೂರು ಮೂರು ರಂಧ್ರಗಳ ತುಂಡು ಕತ್ತರಿಸಿ ಟ್ರಾನ್ಸಿಸ್ಟರುಗಳಿಗೂ, ಎರಡೆರಡರ ತುಂಡು ಕತ್ತರಿಸಿ ಒಳಬರುವ ಮತ್ತು ಹೊರಹೋಗುವ ಕೆಪಾಸಿಟರುಗಳಿಗೂ ಹಾಕಿಕೊಂಡರೆ ಮುಂದಿನ ಪ್ರಯೋಗಗಳೆಲ್ಲ ಐರನ್ ಬಿಸಿ ಮಾಡದೆಯೇ ನಡೆಯುತ್ತವೆ. ಪಿಸಿಬಿಯ ತಾಮ್ರದ ಹಾಳೆ ತೆಳ್ಳಗಿದ್ದು, ಎರಡು ಮೂರು ಸಲ ಕಿತ್ತು ಬೆಸೆದರೆ ಏಳುವ ಅಪಾಯವಿದೆ. ನನ್ನ ಬೋರ್ಡಿನಲ್ಲಿ ಒಂದು ಕಡೆ ಎದ್ದು, ತಂತಿಯ ತುಂಡಿನಿಂದ ಸೇತುವೆ ಕಟ್ಟಬೇಕಾಯಿತು.

ಬದಲಾವಣೆಗಳ ವಿಷಯಕ್ಕೆ ಬರುವ ಮುನ್ನ, ನಾನು ಅವನ್ನು ಅಳೆದ ಬಗೆಯನ್ನು ಹೇಳಬೇಕು. ಫಜ್ ನಾಬನ್ನು ಪೂರ್ತಿ ತಿರುಗಿಸಿ, ಗಿಟಾರಿನ ವಾಲ್ಯೂಮನ್ನೂ ಪೂರ್ತಿ ಇಟ್ಟು ನುಡಿಸಿದರೆ ಬಹುಪಾಲು ಬದಲಾವಣೆಗಳ ನಡುವಿನ ಅಂತರ ಕೇಳಿಸುವುದೇ ಇಲ್ಲ, ಏಕೆಂದರೆ ಎಲ್ಲವೂ ಒಂದೇ ಬಗೆಯ ಗೋಡೆಯಂಥ ಗರ್ಜನೆಯಾಗಿಬಿಡುತ್ತದೆ. ಈ ಸರ್ಕಿಟ್ಟಿನ ನಿಜವಾದ ಸೊಗಸು ಕಾಣುವುದು ಗಿಟಾರಿನ ವಾಲ್ಯೂಮ್ ನಾಬನ್ನು 10ರಿಂದ 6ಕ್ಕೋ 7ಕ್ಕೋ ಇಳಿಸಿದಾಗ. ಪೆಡಲಿನ ಒಳಬಾಗಿಲಿನ ಇಂಪೆಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ತಡೆ) ತೀರ ಕಡಿಮೆ ಇರುವುದರಿಂದ ಅದು ಗಿಟಾರಿನ ತಂತಿಯ ಕಂಪನವನ್ನು ಹಿಡಿಯುವ ಪಿಕಪ್ಪಿನೊಡನೆ ನೇರವಾಗಿ ಸೆಣಸುತ್ತದೆ. ನಾಬನ್ನು ಸ್ವಲ್ಪ ಇಳಿಸಿದರೆ ಸಾಕು, ಒರಟುತನ ಕರಗಿ, ಅಂಚಿನಲ್ಲಿ ಮಾತ್ರ ತುಸು ಕೊರೆಯುವ, ಗಾಜಿನಂಥ ಸ್ವಚ್ಛ ನಾದ ಹೊರಬರುತ್ತದೆ. ಹಾಗಾಗಿ ಪ್ರತಿ ಬದಲಾವಣೆಯ ನಂತರವೂ ನಾನು ಅದೇ ಸಿಂಗಲ್ ಕಾಯಿಲ್ ಗಿಟಾರು, ಅದೇ ಆಂಪು, ಅದೇ ಕೇಬಲ್ಲು ಬಳಸಿ, ಅದೇ ಇ ಮೇಜರ್ ಕಾರ್ಡನ್ನು ವಾಲ್ಯೂಮ್ 10ರಲ್ಲಿ ಒಮ್ಮೆ, 6ರಲ್ಲಿ ಒಮ್ಮೆ ನುಡಿಸಿ ಕೇಳಿದೆ. 6ರಲ್ಲಿ ಕಾರ್ಡಿನ ಒಂದೊಂದು ಸ್ವರವೂ ಬಿಡಿಯಾಗಿ ಕೇಳಿಸಬೇಕು. ಕೇಳಿಸದಿದ್ದರೆ 10ರಲ್ಲಿ ಎಷ್ಟೇ ಅಬ್ಬರಿಸಿದರೂ ಆ ಬದಲಾವಣೆಯನ್ನು ನಾನು ಒಪ್ಪಲಿಲ್ಲ.

ಕಿಟ್ಟು ಬಂದಂತೆಯೇ ಈ ಪರೀಕ್ಷೆಯಲ್ಲಿ ಸೋತಿತು. ಸರಿಯಾದ ರೆಸಿಸ್ಟರು ಹಾಕಿದ ಮೇಲೆ 10ರಲ್ಲಿ ದನಿ ಚೆನ್ನಾಗಿಯೇ ಇತ್ತು, ಆದರೆ 6ಕ್ಕೆ ಇಳಿಸಿದಾಗಲೂ ಫಜ್ ಬಿಡದೆ ಹಿಡಿದುಕೊಂಡಿತ್ತು. ಸ್ವರ ಕ್ಷೀಣಿಸುವಾಗ ಕೊನೆಯಲ್ಲಿ ಕರಕರ ಎಂದು ಒಡೆಯುತ್ತಿತ್ತು. ಮೊದಲು ಮುಟ್ಟಬೇಕಾದದ್ದು ಬಯಾಸ್, ಅಂದರೆ ಸಿಗ್ನಲ್ ಇಲ್ಲದಾಗ ಟ್ರಾನ್ಸಿಸ್ಟರು ನಿಂತಿರುವ ವೋಲ್ಟೇಜು, ಎಂಬುದು ಆಗಲೇ ಗೊತ್ತಾಯಿತು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಬ್ಯಾಟರಿಯ ವೋಲ್ಟೇಜಿನ ಸರಿಸುಮಾರು ಅರ್ಧ, ಅಂದರೆ 4.5 ವೋಲ್ಟ್ ಇರಬೇಕೆಂಬುದು ಈ ಸರ್ಕಿಟ್ಟಿನ ರೂಢಿಯ ಮಾತು. 9.2 ವೋಲ್ಟಿನ ಬ್ಯಾಟರಿಯಲ್ಲಿ ನನಗೆ ಸಿಕ್ಕಿದ್ದು 3.5. ಆ ಕಲೆಕ್ಟರಿಗೆ ಸೇರುವ 8.2 ಕಿಲೋ ಓಮ್ ರೆಸಿಸ್ಟರನ್ನು ತೆಗೆದು, ಆ ಜಾಗಕ್ಕೆ 10 ಕಿಲೋ ಓಮಿನ ಪ್ರಿಸೆಟ್ ಹಾಕಿ, ಸಣ್ಣ ಸ್ಕ್ರೂಡ್ರೈವರಿನಿಂದ ಮೆಲ್ಲನೆ ತಿರುಗಿಸುತ್ತ ಹೋದೆ. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸುವಾಗ, ಸತ್ತಂತಿದ್ದ ತಂತಿ ಒಂದು ಜಾಗದಲ್ಲಿ ಥಟ್ಟನೆ ಅರಳಿ ಝೇಂಕರಿಸುವುದನ್ನು ಕೇಳಿದವರಿಗೆ ಈ ಅನುಭವ ಹೊಸದಲ್ಲ. 6.6 ಕಿಲೋ ಓಮಿನ ಹತ್ತಿರ, ಕಲೆಕ್ಟರಿನಲ್ಲಿ 4.6 ವೋಲ್ಟ್ ಬಂದಾಗ, ಕೊನೆಯ ಕರಕರ ಹೋಯಿತು. ಸ್ವರ ಉದ್ದಕ್ಕೆ ನಿಂತು, ನಯವಾಗಿ ಇಳಿದು ಮೌನವಾಯಿತು. ಈ ಪ್ರಿಸೆಟ್ಟಿನ ಬೆಲೆ ಹದಿನೈದು ರೂಪಾಯಿ. ಇಡೀ ಐದು ತಿಂಗಳಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ದೊಡ್ಡ ಸುಧಾರಣೆ ತಂದ ಭಾಗ ಇನ್ನೊಂದಿಲ್ಲ. ಕಿಟ್ ಮಾರುವವರು ಇದನ್ನು ಮೊದಲೇ ಹಾಕಿ ಕೊಡಬೇಕೆಂದು ನಾನು ಬಲವಾಗಿ ಹೇಳುತ್ತೇನೆ.

ಎರಡನೆಯದು ಟ್ರಾನ್ಸಿಸ್ಟರುಗಳ ಗೇನ್, ಅಂದರೆ ಅವು ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತವೆ ಎಂಬುದು. ಕಿಟ್ಟಿನಲ್ಲಿ ಬಂದ ಎರಡು ಬಿಸಿ547ಸಿಗಳ ಗೇನ್ ನನ್ನ ಮೀಟರಿನಲ್ಲಿ 520 ಮತ್ತು 540 ಎಂದು ತೋರಿಸಿತು. ಇಂಜಿನಿಯರಿಂಗ್ ಕಾಲೇಜಿನ ಲ್ಯಾಬು ಕಂಡವರಿಗೆಲ್ಲ ಪರಿಚಯವಿರುವ ಈ ಟ್ರಾನ್ಸಿಸ್ಟರು ಮೂರು ದರ್ಜೆಗಳಲ್ಲಿ ಬರುತ್ತದೆ: ಎ ದರ್ಜೆಗೆ 110ರಿಂದ 220, ಬಿ ದರ್ಜೆಗೆ 200ರಿಂದ 450, ಸಿ ದರ್ಜೆಗೆ 420ರಿಂದ 800. ಹೆಸರಿನ ಕೊನೆಯ ಅಕ್ಷರವನ್ನು ನೋಡದೆ ಕೊಂಡರೆ ಎರಡು ಬೇರೆಯೇ ಪೆಡಲುಗಳು ಸಿದ್ಧವಾಗುತ್ತವೆ ಎಂದರೆ ಅತಿಶಯೋಕ್ತಿಯಲ್ಲ. ನಾನು ಮೊದಲನೆಯ ಜಾಗಕ್ಕೆ 180 ಗೇನಿನ ಬಿಸಿ547ಎ ಹಾಕಿದಾಗ ಕಲೆಕ್ಟರಿನ ವೋಲ್ಟೇಜು 4.6ರಿಂದ 4ಕ್ಕೆ ಇಳಿಯಿತು. ಮೊದಲನೆಯ ಟ್ರಾನ್ಸಿಸ್ಟರಿಗೆ ಬೇಕಾದ ಬೇಸ್ ಕರೆಂಟು 100 ಕಿಲೋ ಓಮಿನ ರೆಸಿಸ್ಟರಿನ ಮೂಲಕ ಎರಡನೆಯದರ ಎಮಿಟರಿನಿಂದ ಬರುವುದರಿಂದ, ಗೇನ್ ಕಡಿಮೆಯಾದರೆ ಆ ಕರೆಂಟು ಹೆಚ್ಚಿ, ಇಡೀ ಸಮತೋಲ ಸರಿಯುತ್ತದೆ. ಅಂದರೆ ಟ್ರಾನ್ಸಿಸ್ಟರು ಬದಲಿಸಿದ ಪ್ರತಿ ಸಲವೂ ಪ್ರಿಸೆಟ್ಟನ್ನು ಮತ್ತೆ ಹೊಂದಿಸಲೇಬೇಕು. ಹಾಗೆ ಹೊಂದಿಸದೆ ಕೇಳಿ, ಈ ಟ್ರಾನ್ಸಿಸ್ಟರು ಚೆನ್ನ, ಅದು ಚೆನ್ನಲ್ಲ ಎಂದು ತೀರ್ಪು ಕೊಡುವವರು ಹೋಲಿಸುತ್ತಿರುವುದು ಟ್ರಾನ್ಸಿಸ್ಟರುಗಳನ್ನಲ್ಲ, ಬಯಾಸುಗಳನ್ನು. ನಾನೂ ಮೊದಲ ಎರಡು ವಾರ ಇದೇ ತಪ್ಪು ಮಾಡಿದ್ದೆ, ಆ ಅವಧಿಯ ಟಿಪ್ಪಣಿಗಳನ್ನೆಲ್ಲ ಪಕ್ಕಕ್ಕಿಟ್ಟು ಮತ್ತೆ ಆರಂಭಿಸಿದೆ.

ಪ್ರಿಸೆಟ್ಟನ್ನು 5.8 ಕಿಲೋ ಓಮಿಗೆ ತಂದು 4.6 ವೋಲ್ಟ್ ಮರಳಿ ಪಡೆದ ಮೇಲೆ, ಮೊದಲನೆಯದು 180, ಎರಡನೆಯದು 310 ಗೇನಿನ ಬಿಸಿ547ಬಿ ಇದ್ದ ಜೋಡಿ ನನಗೆ ತುಂಬ ಹಿಡಿಸಿತು. 10ರಲ್ಲಿ ಮುಂಚಿನಷ್ಟು ಮೊನಚಿಲ್ಲ, ಆದರೆ ಮೈತುಂಬಿದ ದನಿ. 6ರಲ್ಲಿ ಆರು ತಂತಿಗಳೂ ಬಿಡಿಬಿಡಿ. ಮೇಲುತಂತಿಯ ಸೀಳುದನಿ ಕಡಿಮೆಯಾಗಿ, ಪಿಸುಗುಡುವ ಸದ್ದು ಅರ್ಧಕ್ಕೆ ಇಳಿದಂತೆ ಅನಿಸಿತು. ಇದೇ ಜಾಗದಲ್ಲಿ ಲೋಹದ ಟೊಪ್ಪಿಗೆಯ ಹಳೆಯ ಬಿಸಿ108 ಟ್ರಾನ್ಸಿಸ್ಟರುಗಳನ್ನೂ ಹುಡುಕಿ ತಂದು, ಗೇನ್ ಹತ್ತಿರ ಹತ್ತಿರ ಇರುವಂತೆ ಆರಿಸಿ ಹಾಕಿ ನೋಡಿದೆ. ಗೇನ್ ಮತ್ತು ಬಯಾಸ್ ಸಮವಾಗಿದ್ದಾಗ ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನನ್ನ ಕಿವಿಗೆ ವ್ಯತ್ಯಾಸ ಸಿಗಲಿಲ್ಲ. ಗೆಳೆಯನೊಬ್ಬನು ನನಗೆ ಹೇಳದೆ ಅದಲುಬದಲು ಮಾಡಿ ನುಡಿಸಿದಾಗಲೂ ಸಿಗಲಿಲ್ಲ. ಬಿಸಿ547 ಅದೇ ಕುಟುಂಬದ ಪ್ಲಾಸ್ಟಿಕ್ ಕವಚದ ಟ್ರಾನ್ಸಿಸ್ಟರಾಗಿರುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ಹೆಸರಿಗಾಗಿ ಹತ್ತು ಪಟ್ಟು ಬೆಲೆ ತೆರುವ ಬದಲು, ಸಾಮಾನ್ಯ ಬಿಸಿ547 ಇಪ್ಪತ್ತು ಕೊಂಡು ಗೇನ್ ಅಳೆದು ಆರಿಸಿಕೊಳ್ಳುವುದು ಒಳ್ಳೆಯದು. ಬೇರೆ ಜಾತಿಯದನ್ನು ಹಾಕುವವರು ಕಾಲುಗಳ ಕ್ರಮವನ್ನು ಗಮನಿಸಬೇಕು: ಚಪ್ಪಟೆ ಮುಖ ನಮ್ಮ ಕಡೆಗಿದ್ದರೆ ಬಿಸಿ547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್, 2ಎನ್3904ರಲ್ಲಿ ಅದು ತಿರುಗುಮುರುಗು. ಬಿಸಿ108ರಲ್ಲಿ ಟೊಪ್ಪಿಗೆಯ ಅಂಚಿನ ಪುಟ್ಟ ನಾಲಿಗೆಯ ಪಕ್ಕದ ಕಾಲು ಎಮಿಟರ್.

ಜರ್ಮೇನಿಯಂ ಬಗ್ಗೆ ನನಗಿದ್ದ ಕುತೂಹಲಕ್ಕೆ ಊರಿನ ಅಭಿಮಾನವೂ ಕಾರಣ. ನಮ್ಮ ಬೆಂಗಳೂರಿನ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರುಗಳ ತಯಾರಿಕೆಯನ್ನು ಆರಂಭಿಸಿತ್ತು, ಅಂದರೆ ಲಂಡನ್ನಿನಲ್ಲಿ ಫಜ್ ಫೇಸ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮುಂಚೆ. ಫಜ್ ಫೇಸಿನಲ್ಲಿ ಹೆಸರಾದ ಎಸಿ128 ಪಿಎನ್‌ಪಿ ಜಾತಿಯದು, ಬ್ಯಾಟರಿಯ ಪ್ಲಸ್ ತುದಿಯನ್ನು ಗ್ರೌಂಡ್ ಮಾಡುವ ಸರ್ಕಿಟ್ಟಿಗೆ ಹೊಂದುವಂಥದು. ಈ ಕಿಟ್ಟು ಎನ್‌ಪಿಎನ್ ಆದ್ದರಿಂದ ಅದರ ಜೋಡಿಯಾದ ಎಸಿ127 ಆರು ಕೊಂಡೆ. ಆರರಲ್ಲಿ ನಾಲ್ಕು ಲೀಕೇಜಿನಿಂದಾಗಿ (ಬೇಡದ ಕರೆಂಟು ಸೋರುವುದರಿಂದ) ಕೆಲಸಕ್ಕೆ ಬಾರದವು. ಉಳಿದವುಗಳಲ್ಲಿ ಒಂದನ್ನು ಮೊದಲನೆಯ ಜಾಗಕ್ಕೆ ಹಾಕಿ, ಎರಡನೆಯ ಜಾಗದಲ್ಲಿ ಸಿಲಿಕಾನನ್ನೇ ಇಟ್ಟೆ. ಜರ್ಮೇನಿಯಂನ ಬೇಸಿಗೆ ಬೇಕಾದ ವೋಲ್ಟೇಜು ಕಡಿಮೆ ಇರುವುದರಿಂದ 10 ಕಿಲೋ ಓಮಿನ ಪ್ರಿಸೆಟ್ ಸಾಲದೆ, 22 ಕಿಲೋ ಓಮಿನದನ್ನು ಹಾಕಿ 13 ಕಿಲೋ ಓಮಿನ ಬಳಿ 4.6 ವೋಲ್ಟ್ ಪಡೆಯಬೇಕಾಯಿತು. ಫೆಬ್ರವರಿಯ ಒಂದು ಬೆಳಗ್ಗೆ ಆ ಪೆಡಲಿನಿಂದ ಹೊಮ್ಮಿದ ದನಿಯನ್ನು ನಾನು ಮರೆಯಲಾರೆ: ಅಂಚುಗಳೆಲ್ಲ ಸವೆದ, ಬೆಚ್ಚಗಿನ, ಮಾತಾಡುವಂಥ ನಾದ, ವಾಲ್ಯೂಮ್ 6ಕ್ಕೆ ಇಳಿಸಿದರೆ ಪೆಡಲ್ ಇದೆಯೆಂಬುದೇ ಮರೆತುಹೋಗುವಷ್ಟು ಸ್ವಚ್ಛ. ಆದರೆ ಏಪ್ರಿಲಿನ ಒಂದು ಮಧ್ಯಾಹ್ನ, ತಾರಸಿಯ ಮೇಲಿನ ಕೋಣೆಯಲ್ಲಿ, ಅದೇ ಪೆಡಲಿನಲ್ಲಿ ಸ್ವರಗಳು ತುಂಡು ತುಂಡಾಗಿ ಉದುರತೊಡಗಿದವು. ಅಳೆದರೆ ಕಲೆಕ್ಟರಿನಲ್ಲಿ 6.5 ವೋಲ್ಟ್. ಜರ್ಮೇನಿಯಂನ ಲೀಕೇಜು ಸುಮಾರು 10 ಡಿಗ್ರಿ ಬಿಸಿಯೇರಿದಾಗ ಇಮ್ಮಡಿಯಾಗುತ್ತದೆ. ಬೆಳಗಿನ ಬಯಾಸು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ. ಎಸಿ ಇರುವ ಕೋಣೆಯಲ್ಲಿ ರೆಕಾರ್ಡ್ ಮಾಡುವವರು ಖಂಡಿತ ಇದನ್ನು ಪ್ರಯತ್ನಿಸಬೇಕು. ಮಂಗಳೂರಿನ ಸೆಕೆಯಲ್ಲೋ ರಾಯಚೂರಿನ ಬೇಸಿಗೆಯಲ್ಲೋ ಬಯಲು ವೇದಿಕೆ ಏರುವವರಿಗೆ ನಾನು ಇದನ್ನು ಸಲಹೆ ಮಾಡಲಾರೆ.

ಕೆಪಾಸಿಟರುಗಳಲ್ಲಿ ಒಳಬರುವ ಜಾಗದ್ದು ಮುಖ್ಯ. ಕಿಟ್ಟಿನಲ್ಲಿರುವ 2.2 ಮೈಕ್ರೋಫ್ಯಾರಡ್ ಎಲ್ಲ ಮಂದ್ರಸ್ವರಗಳನ್ನೂ ಒಳಗೆ ಬಿಡುತ್ತದೆ. ದಪ್ಪ ತಂತಿಗಳ ಮೇಲೆ ಎರಡು ಸ್ವರ ಒಟ್ಟಿಗೆ ನುಡಿಸಿದರೆ ಕೆಸರು ಕಲಕಿದಂತಾಗುತ್ತದೆ. ಒಳಬಾಗಿಲಿನ ಇಂಪೆಡೆನ್ಸನ್ನು 10 ಕಿಲೋ ಓಮ್ ಎಂದು ಹಿಡಿದು ಲೆಕ್ಕ ಹಾಕಿದರೆ 2.2 ಮೈಕ್ರೋಫ್ಯಾರಡಿನಲ್ಲಿ 7 ಹರ್ಟ್ಸಿನಿಂದ ಕೆಳಗೆ, 0.1 ಮೈಕ್ರೋಫ್ಯಾರಡಿನಲ್ಲಿ ಸುಮಾರು 160 ಹರ್ಟ್ಸಿನಿಂದ ಕೆಳಗೆ ಕಡಿತ ಆರಂಭವಾಗುತ್ತದೆ. ಗಿಟಾರಿನ ಕೆಳಗಿನ ಇ ತಂತಿ 82 ಹರ್ಟ್ಸ್ ಎಂಬುದನ್ನು ನೆನೆದರೆ 0.1 ಯಾಕೆ ತೀರ ತೆಳ್ಳಗೆ ಕೇಳಿಸಿತೆಂದು ಅರ್ಥವಾಗುತ್ತದೆ. 0.47 ಮೈಕ್ರೋಫ್ಯಾರಡ್ ನನ್ನ ಸಿಂಗಲ್ ಕಾಯಿಲ್ ಪಿಕಪ್ಪಿಗೆ ಸರಿಹೋಯಿತು. ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವವರಿಗೆ 0.22 ಇನ್ನೂ ಹೊಂದೀತು. ಹೊರಹೋಗುವ ಜಾಗದ 0.01 ಮೈಕ್ರೋಫ್ಯಾರಡನ್ನು 0.1ಕ್ಕೆ ಏರಿಸಿದರೆ ಗುಡುಗಿನಂಥ ಮಂದ್ರದನಿ ಬರುತ್ತದೆ ಎಂಬ ಮಾತನ್ನು ಹಲವರಿಂದ ಕೇಳಿದ್ದೆ. 500 ಕಿಲೋ ಓಮಿನ ವಾಲ್ಯೂಮ್ ಪಾಟಿನೊಡನೆ 0.01 ಈಗಾಗಲೇ 30 ಹರ್ಟ್ಸಿನ ಆಸುಪಾಸಿನವರೆಗೂ ಬಿಡುವುದರಿಂದ ಅದು ಹೆಚ್ಚೇನೂ ಮಾಡಲಿಲ್ಲ. ಎಮಿಟರಿನ 22 ಮೈಕ್ರೋಫ್ಯಾರಡನ್ನು ಮುಟ್ಟಿ ಫಲವಿಲ್ಲ.

ಪೆಡಲಿನ ದನಿ ಆಂಪಿಗೆ ಸಾಲದು ಎನ್ನುವವರು 330 ಓಮಿನ ರೆಸಿಸ್ಟರನ್ನು 1 ಕಿಲೋ ಓಮಿಗೆ ಬದಲಿಸಿಕೊಳ್ಳಬೇಕು. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರಿನಲ್ಲಿ ಹುಟ್ಟುವ ಸಿಗ್ನಲ್ಲಿನ ಶೇಕಡಾ 4ರಷ್ಟನ್ನು ಮಾತ್ರ ಕಿಟ್ಟಿನ ಮೂಲ ರೆಸಿಸ್ಟರುಗಳು ಹೊರಕ್ಕೆ ಕೊಡುತ್ತವೆ. 1 ಕಿಲೋ ಓಮ್ ಹಾಕಿ, ಬಯಾಸ್ ಉಳಿಸಲು ಪ್ರಿಸೆಟ್ಟನ್ನು ಅಷ್ಟೇ ಇಳಿಸಿದರೆ ನನ್ನ ಪೆಡಲಿನಲ್ಲಿ ಮುಂಚಿನ ಸುಮಾರು ಮೂರು ಪಟ್ಟು ಸಿಗ್ನಲ್ ಬಂತು. ಫಜ್ ನಾಬಿನ 1 ಕಿಲೋ ಓಮಿನ ಲೀನಿಯರ್ ಪಾಟ್ ಎಲ್ಲ ಕೆಲಸವನ್ನೂ ಕೊನೆಯ ಕಾಲುಭಾಗದಲ್ಲೇ ಮಾಡುತ್ತದೆ, ರಿವರ್ಸ್ ಲಾಗ್ ಪಾಟ್ ಹಾಕಿದರೆ ತಿರುಗಿಸುವುದು ಹದವಾಗುತ್ತದೆ. ಹೆಚ್ಚು ಗೇನಿನ ಟ್ರಾನ್ಸಿಸ್ಟರುಗಳಿದ್ದ ದಿನಗಳಲ್ಲಿ ರಾತ್ರಿ ಹೊತ್ತು ಪೆಡಲಿನಲ್ಲಿ ರೇಡಿಯೋ ಪ್ರಸಾರದ ಮಾತು ಸಣ್ಣಗೆ ಕೇಳಿಸುತ್ತಿತ್ತು. ಮೊದಲನೆಯ ಟ್ರಾನ್ಸಿಸ್ಟರಿನ ಬೇಸ್ ಮತ್ತು ಕಲೆಕ್ಟರಿನ ನಡುವೆ 100 ಪಿಕೋಫ್ಯಾರಡಿನ ಸೆರಾಮಿಕ್ ಕೆಪಾಸಿಟರು ಇಟ್ಟ ಮೇಲೆ ಅದು ನಿಂತಿತು, ಮೇಲುದನಿಯ ಚುಚ್ಚುವಿಕೆಯೂ ತಗ್ಗಿತು.

ಬಳಸುವವರು ಎರಡು ಸಂಗತಿ ತಿಳಿದಿರಬೇಕು. ಬಫರ್ (ಸಿಗ್ನಲ್ಲನ್ನು ಬಲಪಡಿಸಿ ಮುಂದಕ್ಕೆ ಕಳಿಸುವ ಸರ್ಕಿಟ್ಟು) ಇರುವ ಟ್ಯೂನರೋ ಬೇರೆ ಪೆಡಲೋ ಇದರ ಮುಂದೆ ಬಂದರೆ ಪಿಕಪ್ಪಿನ ಜೊತೆಗಿನ ಸಂಬಂಧ ಕಡಿದು, ನಾನು ಮೇಲೆ ವರ್ಣಿಸಿದ ಸ್ವಚ್ಛ ನಾದ ಇಲ್ಲವಾಗುತ್ತದೆ. ಗಿಟಾರಿನ ಕೇಬಲ್ಲು ಮೊದಲು ಇದಕ್ಕೇ ಬರಬೇಕು. ಇನ್ನು, ಅಗ್ಗದ ಅಡಾಪ್ಟರಿನಲ್ಲಿ ಗುಂಯ್ ಎಂಬ ಸದ್ದು ಕೇಳುತ್ತದೆ, ಕರೆಂಟು ಹೋಗಿ ಮನೆ ಇನ್ವರ್ಟರಿನ ಮೇಲೆ ನಡೆಯುವಾಗಲಂತೂ ನುಡಿಸಲಾಗುವುದಿಲ್ಲ. ಸರ್ಕಿಟ್ಟು ಕುಡಿಯುವುದು ಸುಮಾರು 1 ಮಿಲಿಆಂಪಿಯರ್ ಮಾತ್ರ, ಕಿಟ್ಟಿನ ಎಲ್‌ಇಡಿಯೇ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಹೀಗಾಗಿ 9 ವೋಲ್ಟಿನ ಬ್ಯಾಟರಿ ತಿಂಗಳುಗಟ್ಟಲೆ ಬಾಳುತ್ತದೆ, ನುಡಿಸಿ ಮುಗಿದ ಮೇಲೆ ಇನ್‌ಪುಟ್ ಜ್ಯಾಕಿನಿಂದ ಕೇಬಲ್ಲು ಕೀಳುವ ಅಭ್ಯಾಸವಿದ್ದರೆ.

ಡಬ್ಬಿ, ಸ್ವಿಚ್ಚು, ಜ್ಯಾಕುಗಳ ಗುಣಮಟ್ಟ ಈ ಬೆಲೆಗೆ ಚೆನ್ನಾಗಿದೆ. ಐದು ತಿಂಗಳಲ್ಲಿ ಸ್ವಿಚ್ಚು ಒಮ್ಮೆಯೂ ಕೈಕೊಟ್ಟಿಲ್ಲ. ಪಿಸಿಬಿ ಮತ್ತು ಸೂಚನಾ ಹಾಳೆಗೆ ಅಂಕ ಕಡಿಮೆ. ಒಟ್ಟಾರೆ ಐದಕ್ಕೆ ಮೂರೂವರೆ ಕೊಡುತ್ತೇನೆ, ಬಯಾಸ್ ಪ್ರಿಸೆಟ್ ಮತ್ತು ವೋಲ್ಟೇಜಿನ ಪಟ್ಟಿಯನ್ನು ಸೇರಿಸಿದರೆ ನಾಲ್ಕೂವರೆ ಕೊಡಲು ಸಿದ್ಧನಿದ್ದೇನೆ. ಬಯಾಸ್ ಪ್ರಿಸೆಟ್, ಕಡಿಮೆ ಗೇನಿನ ಮೊದಲ ಟ್ರಾನ್ಸಿಸ್ಟರು, 0.47ರ ಒಳ ಕೆಪಾಸಿಟರು, ಈ ಮೂರಕ್ಕೆ ನನಗೆ ತಗುಲಿದ್ದು ನಲವತ್ತು ರೂಪಾಯಿಗಿಂತ ಕಡಿಮೆ. ಸದ್ಯಕ್ಕೆ ಪೆಡಲಿನಲ್ಲಿರುವುದು ಇವೇ. ಹಿಂಬದಿಯ ಮುಚ್ಚಳದ ಒಳಮೈಗೆ ಇವುಗಳ ಮೌಲ್ಯಗಳನ್ನೂ 4.6 ವೋಲ್ಟ್ ಎಂಬುದನ್ನೂ ಪೆನ್ಸಿಲಿನಲ್ಲಿ ಬರೆದ ಚೀಟಿ ಅಂಟಿಸಿದ್ದೇನೆ. ಎಸಿ127 ಟ್ರಾನ್ಸಿಸ್ಟರನ್ನು ಅದರ 22 ಕಿಲೋ ಓಮ್ ಪ್ರಿಸೆಟ್ಟಿನೊಡನೆ ಸಣ್ಣ ಕವರಿನಲ್ಲಿ ಕಟ್ಟಿ, ಮುಂದಿನ ಚಳಿಗಾಲಕ್ಕೆಂದು ಎತ್ತಿಟ್ಟಿದ್ದೇನೆ.